ಕರುಳಿನ ಸೂಕ್ಷ್ಮಜೀವಿಗಳಿಗೂ ಶ್ವಾಸಕೋಶದ ಕಾಯಿಲೆಗಳಿಗೂ ನಿಜವಾಗಿ ನಂಟಿದೆಯೇ?

ಪ್ರಶ್ನೆ: ಹೊಂಗೆನೆರಳು

ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಈಗ ಎಂಟು ವರ್ಷ. ಚಿಕ್ಕಂದಿನಿಂದಲೂ ಅಸ್ತಮಾ ಇದ್ದು, ವೈದ್ಯರು ಬರೆದುಕೊಟ್ಟ ಇನ್ಹೇಲರ್‌ನಿಂದ ಸಾಕಷ್ಟು ಹತೋಟಿಯಲ್ಲಿದೆ. ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಕಿವಿ ಸೋರುವುದು, ಎದೆ ಕಟ್ಟುವುದು ಎಂದು ಅವಳಿಗೆ ಮೇಲಿಂದ ಮೇಲೆ ಆಂಟಿಬಯೋಟಿಕ್ ಕೊಡಬೇಕಾಗಿ ಬಂದಿತ್ತು. ಈಚೆಗೆ ಮನೆಗೆ ಬಂದ ಪರಿಚಯಸ್ಥರೊಬ್ಬರು, ಆ ಔಷಧಿಗಳಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾಶವಾದದ್ದರಿಂದಲೇ ಅಸ್ತಮಾ ಬಂದಿದೆ, ಕೆಲವು ತಿಂಗಳು ಪ್ರೋಬಯಾಟಿಕ್ (ಬದುಕಿರುವ ಒಳ್ಳೆಯ ಬ್ಯಾಕ್ಟೀರಿಯಾಗಳ) ಪುಡಿ ಕೊಟ್ಟರೆ ಇನ್ಹೇಲರ್ ಬಿಟ್ಟುಬಿಡಬಹುದು ಎಂದು ಖಡಾಖಂಡಿತವಾಗಿ ಹೇಳಿ ಹೋದರು. ಅಂದಿನಿಂದ ಅಕ್ಕನಿಗೆ ಅದೇ ಯೋಚನೆ. ಜೊತೆಗೆ, ಮಗುವಿಗೆ ತಾನೇ ಕಾಯಿಲೆ ತಂದೆನೇನೋ ಎಂಬ ಕೊರಗು ಬೇರೆ.

ನಾನು ಓದಿದ ಪಠ್ಯಪುಸ್ತಕದಲ್ಲಿ ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇರುವುದಿಲ್ಲ ಎಂದಿತ್ತು. ಈಗ ಅಲ್ಲಿಯೂ ಅವು ಇವೆ ಎನ್ನುತ್ತಾರೆ. ಅದು ನಿಜವೇ? ಅನ್ನನಾಳದ ಹಾದಿಯೇ ಬೇರೆ, ಶ್ವಾಸನಾಳದ ಹಾದಿಯೇ ಬೇರೆ ಆಗಿರುವಾಗ ದೊಡ್ಡ ಕರುಳಿನಲ್ಲಿ ಕುಳಿತ ಜೀವಿಯೊಂದು ಎದೆಗೂಡಿನೊಳಗಿನ ಅಂಗದ ಮೇಲೆ ಹೇಗೆ ಪ್ರಭಾವ ಬೀರಲು ಸಾಧ್ಯ? ವಿಷಯ ಬಲ್ಲವರು ಆಧಾರಸಹಿತವಾಗಿ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸೂಕ್ಷ್ಮದರ್ಶಿ

ಮೊದಲಿಗೆ ಒಂದು ಮಾತು. ಇನ್ಹೇಲರ್ ನಿಲ್ಲಿಸುವ ಯೋಚನೆಯನ್ನು ಈ ಚರ್ಚೆಯಿಂದ ಪೂರ್ತಿಯಾಗಿ ಹೊರಗಿಡಿ. ಹತೋಟಿಯಲ್ಲಿರುವ ಅಸ್ತಮಾ ಔಷಧಿ ತಪ್ಪಿದಾಗ ಕೆರಳುವುದು ಎಲ್ಲ ವೈದ್ಯರೂ ಕಂಡ ಸಂಗತಿ. ಪ್ರಮಾಣವನ್ನು ತಗ್ಗಿಸಬೇಕೇ ಬೇಡವೇ ಎಂಬುದನ್ನು ಮಗುವನ್ನು ನೋಡುತ್ತಿರುವ ವೈದ್ಯರೇ ನಿರ್ಧರಿಸಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಾನು ಸೂಕ್ಷ್ಮಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ನಿಮ್ಮ ಪಠ್ಯಪುಸ್ತಕದಲ್ಲಿ ಇದ್ದದ್ದನ್ನೇ ನಾನೂ ಕಲಿತಿದ್ದೆ. ಆ ಕಾಲದ ತಿಳಿವಳಿಕೆಗೆ ಕಾರಣವಿತ್ತು. ಶ್ವಾಸಕೋಶದಿಂದ ತೆಗೆದ ದ್ರವವನ್ನು ಪೋಷಕ ತಟ್ಟೆಯ ಮೇಲೆ ಸವರಿ, ಒಂದೆರಡು ದಿನ ಬೆಚ್ಚಗಿಟ್ಟು, ಏನಾದರೂ ಬೆಳೆಯಿತೇ ಎಂದು ನೋಡುವುದೊಂದೇ ಆಗ ಪರೀಕ್ಷೆಯ ಕ್ರಮವಾಗಿತ್ತು. ಆದರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಆಮ್ಲಜನಕ ತಗುಲಿದರೆ ಸಾಯುತ್ತವೆ, ಇನ್ನು ಕೆಲವು ಆ ತಟ್ಟೆಯ ಆಹಾರವನ್ನು ಒಪ್ಪುವುದೇ ಇಲ್ಲ. ಬೆಳೆಯದೇ ಇದ್ದುದನ್ನು ಇಲ್ಲವೆಂದೇ ತಿಳಿಯಲಾಯಿತು. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 2007ರಲ್ಲಿ ಅಮೆರಿಕದಲ್ಲಿ ಮಾನವ ದೇಹದ ಸೂಕ್ಷ್ಮಜೀವಿಗಳ ಮಹಾಯೋಜನೆ ಆರಂಭವಾದಾಗ ಬಾಯಿ, ಮೂಗು, ಚರ್ಮ, ಕರುಳು, ಜನನಾಂಗಗಳನ್ನು ಆರಿಸಿಕೊಂಡರೇ ಹೊರತು ಶ್ವಾಸಕೋಶವನ್ನು ಸೇರಿಸಿಕೊಳ್ಳಲಿಲ್ಲ.

ಬೆಳೆಸುವ ಗೋಜಿಲ್ಲದೆ, ಮಾದರಿಯಲ್ಲಿರುವ ಡಿಎನ್‌ಎಯನ್ನೇ ಓದಿ ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸುವ ವಿಧಾನ ಬಂದ ಮೇಲೆ ಚಿತ್ರ ಬದಲಾಯಿತು. 2010ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತರ ಶ್ವಾಸನಾಳಗಳಲ್ಲಿಯೂ ಬ್ಯಾಕ್ಟೀರಿಯಾಗಳಿವೆಯೆಂದೂ, ಅಸ್ತಮಾ ಮತ್ತು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟಕ್ಕೆ ತಡೆಯಾಗುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ ಅವುಗಳ ಕೂಟ ಬೇರೆಯಾಗಿರುತ್ತದೆಯೆಂದೂ ತೋರಿಸಿದರು. ಆರೋಗ್ಯವಂತರಲ್ಲಿ ಪ್ರಿವೊಟೆಲ್ಲಾದಂತಹ ಬಾಯಿಯ ಮೂಲದ ಜೀವಿಗಳು ಹೆಚ್ಚಾಗಿದ್ದರೆ, ರೋಗಿಗಳಲ್ಲಿ ಹಿಮೋಫಿಲಸ್ ಇರುವ ಗುಂಪಿನ ಪಾಲು ಹೆಚ್ಚಾಗಿತ್ತು.

ಆದರೆ ಇದರಿಂದ ಶ್ವಾಸಕೋಶವೂ ಕರುಳಿನಂತೆಯೇ ಎಂದು ತಿಳಿಯಬೇಡಿ. ಕರುಳು ಸೂಕ್ಷ್ಮಜೀವಿಗಳಿಗೆ ತಲೆತಲಾಂತರದ ಊರಾದರೆ, ಆರೋಗ್ಯವಂತ ಶ್ವಾಸಕೋಶ ದಾರಿಹೋಕರು ತಂಗಿ ಹೋಗುವ ಛತ್ರ. ನಾವು ನಿದ್ರಿಸುವಾಗ ಬಾಯಿಯ ಜೊಲ್ಲಿನ ಅತಿಸಣ್ಣ ಹನಿಗಳು ನಮಗರಿವಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತವೆ. ಇದು ರೋಗವಲ್ಲ, ಎಲ್ಲರಲ್ಲಿಯೂ ನಡೆಯುವ ಕ್ರಿಯೆ. ಹಾಗೆ ಬಂದವುಗಳನ್ನು ಶ್ವಾಸನಾಳದ ಒಳಪದರದ ಮೇಲಿರುವ ಕೂದಲಿನಂತಹ ಸೂಕ್ಷ್ಮ ರಚನೆಗಳು ಲೋಳೆಯೊಡನೆ ಮೇಲಕ್ಕೆ ತಳ್ಳುತ್ತವೆ, ಕೆಮ್ಮು ಹೊರಹಾಕುತ್ತದೆ, ಗಾಳಿಗೂಡುಗಳಲ್ಲಿರುವ ಭಕ್ಷಕ ಕೋಶಗಳು ನುಂಗಿಹಾಕುತ್ತವೆ. ಆದ್ದರಿಂದ ಆರೋಗ್ಯದಲ್ಲಿ ಅಲ್ಲಿ ಯಾರಿದ್ದಾರೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬರುವವರ ಮತ್ತು ಹೋಗುವವರ ನಡುವಿನ ಲೆಕ್ಕ.

ಕಾಯಿಲೆ ಬಂದಾಗ ಈ ಲೆಕ್ಕ ಕೆಡುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಅನುವಂಶಿಕ ರೋಗದಲ್ಲಿ ಲೋಳೆ ಅಂಟಿನಂತೆ ಗಟ್ಟಿಯಾಗಿ ನಿಂತುಬಿಡುವುದರಿಂದ, ಚಿಕ್ಕ ವಯಸ್ಸಿನಲ್ಲಿ ಸ್ಟ್ಯಾಫಿಲೋಕಾಕಸ್ ಮತ್ತು ಹಿಮೋಫಿಲಸ್, ಮುಂದೆ ಸ್ಯೂಡೋಮೊನಾಸ್ ಅಲ್ಲಿ ಬೇರೂರುತ್ತವೆ. ಒಮ್ಮೆ ಬೇರೂರಿದ ಮೇಲೆ ಅವು ಉರಿಯೂತವನ್ನು ಕೆರಳಿಸುತ್ತವೆ. ಉರಿಯೂತದಿಂದ ಒಸರುವ ದ್ರವ ಅವಕ್ಕೇ ಆಹಾರವಾಗುತ್ತದೆ. ಮೊದಲು ಕೆಟ್ಟದ್ದು ನೆಲೆಯೋ, ಬಂದ ಜೀವಿಯೋ ಎಂದು ಬೇರ್ಪಡಿಸುವುದು ಈ ಹಂತದಲ್ಲಿ ಬಲು ಕಷ್ಟ. ನನ್ನ ಮಟ್ಟಿಗೆ ಇಡೀ ಕ್ಷೇತ್ರದ ತಿರುಳು ಈ ಕಷ್ಟದಲ್ಲಿಯೇ ಇದೆ.

ಇನ್ನೊಂದು ಎಚ್ಚರಿಕೆಯನ್ನು ನನ್ನ ಕಸುಬಿನ ಕಡೆಯಿಂದ ಸೇರಿಸುತ್ತೇನೆ. ಶ್ವಾಸಕೋಶದ ಮಾದರಿಗಳಲ್ಲಿ ಬ್ಯಾಕ್ಟೀರಿಯಾಗಳ ಪ್ರಮಾಣ ಬಹಳ ಕಡಿಮೆ. ಡಿಎನ್‌ಎ ಬೇರ್ಪಡಿಸುವ ಕಿಟ್‌ಗೆ ರೋಗಿಯ ಮಾದರಿಯ ಬದಲು ಬರಿಯ ಶುದ್ಧ ನೀರನ್ನು ಹಾಕಿ ಪರೀಕ್ಷೆಯನ್ನು ಕೊನೆಯವರೆಗೂ ನಡೆಸಿದರೂ ಕೆಲವು ಬ್ಯಾಕ್ಟೀರಿಯಾಗಳ ಹೆಸರುಗಳ ಪಟ್ಟಿ ಹೊರಬರುತ್ತದೆ. ಅವು ಕಿಟ್‌ನ ರಾಸಾಯನಿಕಗಳಲ್ಲಿಯೇ ಇದ್ದ ಡಿಎನ್‌ಎಯ ತುಣುಕುಗಳು. 2014ರ ಹೊತ್ತಿಗೆ ಈ ತೊಡಕು ಸ್ಪಷ್ಟವಾಗಿ ಪ್ರಕಟವಾದ ಮೇಲೆ, ಹೀಗೆ ಖಾಲಿ ನೀರಿನ ಪರೀಕ್ಷೆಯನ್ನು ಜೊತೆಗಿಡದ ಅಧ್ಯಯನವನ್ನು ನಾನಂತೂ ನಂಬುವುದಿಲ್ಲ.

ಉತ್ತರ: ಬೆಳ್ಳಕ್ಕಿ

ಸೂಕ್ಷ್ಮದರ್ಶಿಯವರು ಶ್ವಾಸಕೋಶದ ಒಳಗನ್ನು ವಿವರಿಸಿದ್ದಾರೆ. ನಾನು ರೋಗನಿರೋಧಕ ಶಾಸ್ತ್ರವನ್ನು ಬೋಧಿಸುವವಳಾದ್ದರಿಂದ ಕರುಳಿನಿಂದ ಎದೆಗೆ ಇರುವ ಹಾದಿಯ ಬಗ್ಗೆ ಬರೆಯುತ್ತೇನೆ.

ಮೊದಲು ಗಾತ್ರದ ಅಂದಾಜು ಬೇಕು. 2016ರಲ್ಲಿ ಪ್ರಕಟವಾದ ಮರುಲೆಕ್ಕದ ಪ್ರಕಾರ ವಯಸ್ಕ ಪುರುಷನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳೂ ಇರುತ್ತವೆ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. (ಒಂದಕ್ಕೆ ಹತ್ತರಂತೆ ಬ್ಯಾಕ್ಟೀರಿಯಾಗಳಿವೆ ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ, ಅದನ್ನು ಮರೆತುಬಿಡಿ.) ಇವು ಕರುಳಿನ ಗೋಡೆಯನ್ನು ದಾಟಿ ಶ್ವಾಸಕೋಶಕ್ಕೆ ಹೋಗಬೇಕಾಗಿಲ್ಲ. ಇವು ತಯಾರಿಸುವ ವಸ್ತುಗಳು ಮತ್ತು ಇವುಗಳಿಂದ ತರಬೇತಿ ಪಡೆದ ನಮ್ಮದೇ ರಕ್ಷಣಾ ಕೋಶಗಳು ರಕ್ತದಲ್ಲಿ ಹರಿದರೆ ಸಾಕು.

ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಅಲ್ಲಿಯೇ ಬಹುಪಾಲು ಖರ್ಚಾಗಿಬಿಡುತ್ತದೆ. ಉಳಿದವುಗಳಲ್ಲಿ ಒಂದಿಷ್ಟು ರಕ್ತ ಸೇರುತ್ತವೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ನಡೆಸಿದ ಪ್ರಯೋಗ ಇಲ್ಲಿ ಮುಖ್ಯವಾದದ್ದು. ನಾರಿನಂಶ ಹೆಚ್ಚಿದ್ದ ಆಹಾರ ತಿಂದ ಇಲಿಗಳಲ್ಲಿ ಅಲರ್ಜಿಯಿಂದ ಬರುವ ಶ್ವಾಸನಾಳದ ಉರಿಯೂತ ತಗ್ಗಿತು, ನಾರು ಕಡಿಮೆಯಾದ ಆಹಾರ ತಿಂದವುಗಳಲ್ಲಿ ಅದು ಉಲ್ಬಣಿಸಿತು. ಬರಿಯ ಪ್ರೊಪಿಯೊನೇಟ್ ಕೊಟ್ಟಾಗಲೂ ರಕ್ಷಣೆ ಸಿಕ್ಕಿತು. ಕಾರಣ ಹುಡುಕಿದಾಗ ಅವರು ತಲುಪಿದ್ದು ಶ್ವಾಸಕೋಶಕ್ಕಲ್ಲ, ಮೂಳೆಯೊಳಗಿನ ಮಜ್ಜೆಗೆ. ಅಲ್ಲಿ ಹುಟ್ಟುವ ರಕ್ಷಣಾ ಕೋಶಗಳ ಸ್ವಭಾವವೇ ಬದಲಾಗಿತ್ತು. ಅವು ಶ್ವಾಸಕೋಶಕ್ಕೆ ಬಂದು ನೆಲೆಸಿದ ಮೇಲೂ ಅಲರ್ಜಿಯ ಪ್ರತಿಕ್ರಿಯೆಯನ್ನು ಪ್ರಚೋದಿಸುವುದರಲ್ಲಿ ದುರ್ಬಲವಾಗಿದ್ದವು. ಕರುಳು, ಮಜ್ಜೆ, ಶ್ವಾಸಕೋಶ ಎಂಬ ಈ ಮೂರು ನಿಲ್ದಾಣಗಳ ಹಾದಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಸದ್ಯಕ್ಕೆ ದೊರೆತಿರುವ ಅತ್ಯಂತ ಸ್ಪಷ್ಟವಾದ ಉತ್ತರ.

ಸೋಂಕಿನ ವಿಷಯದಲ್ಲಿಯೂ ಇಂತಹದೇ ಪುರಾವೆ ಇದೆ. 2011ರ ಒಂದು ಅಧ್ಯಯನದಲ್ಲಿ ಆಂಟಿಬಯೋಟಿಕ್ ಕುಡಿಸಿದ ಇಲಿಗಳು ಇನ್‌ಫ್ಲುಯೆಂಜಾ ವೈರಸ್ಸಿನ ವಿರುದ್ಧ ಸರಿಯಾದ ರೋಗನಿರೋಧಕ ಪ್ರತಿಕ್ರಿಯೆಯನ್ನು ತೋರಲಾರದೆ ಹೋದವು. ಬ್ಯಾಕ್ಟೀರಿಯಾಗಳ ಇರುವನ್ನು ಗುರುತಿಸುವ ನಮ್ಮ ಕೋಶಗಳ ಗ್ರಾಹಕಗಳನ್ನು ಕೃತಕವಾಗಿ ಎಚ್ಚರಿಸಿದಾಗ ಆ ದೋಷ ಸರಿಹೋಯಿತು. ಆಶ್ಚರ್ಯವೆಂದರೆ ಈ ಪ್ರಚೋದನೆಯನ್ನು ಶ್ವಾಸಕೋಶಕ್ಕೇ ಕೊಡಬೇಕೆಂದಿರಲಿಲ್ಲ, ದೂರದ ಭಾಗದಲ್ಲಿ ಕೊಟ್ಟರೂ ನಡೆಯುತ್ತಿತ್ತು. ಈ ಹಾದಿ ಏಕಮುಖವೂ ಅಲ್ಲ. ಮೂಗಿನ ಮೂಲಕ ಇನ್‌ಫ್ಲುಯೆಂಜಾ ತಗುಲಿಸಿದ ಇಲಿಗಳಲ್ಲಿ, ಕರುಳಿಗೆ ವೈರಸ್ ತಲುಪದಿದ್ದರೂ ಶ್ವಾಸಕೋಶದಿಂದ ಬಂದ ಟಿ ಕೋಶಗಳೆಂಬ ರಕ್ಷಣಾ ಕೋಶಗಳು ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲವನ್ನು ಕೆಡಿಸಿ ಕರುಳಿಗೆ ಗಾಯ ಮಾಡುವುದನ್ನು 2014ರಲ್ಲಿ ತೋರಿಸಲಾಗಿದೆ.

ಮಕ್ಕಳ ಅಸ್ತಮಾದ ಬಗ್ಗೆ 2015ರ ಕೆನಡಾದ ಅಧ್ಯಯನವನ್ನು ನೀವು ತಿಳಿದಿರಬೇಕು. ಅಲ್ಲಿ 319 ಮಕ್ಕಳ ಮಲದ ಮಾದರಿಗಳನ್ನು ನೋಡಲಾಯಿತು. ಮುಂದೆ ಅಸ್ತಮಾ ಬರುವ ಅಪಾಯ ಹೆಚ್ಚಿದ್ದ ಶಿಶುಗಳಲ್ಲಿ ಹುಟ್ಟಿದ ಮೊದಲ 100 ದಿನಗಳ ಅವಧಿಯಲ್ಲಿ ಫೀಕಾಲಿಬ್ಯಾಕ್ಟೀರಿಯಂ, ಲ್ಯಾಕ್ನೋಸ್ಪೈರಾ, ವೀಲೊನೆಲ್ಲಾ, ರೋಥಿಯಾ ಎಂಬ ನಾಲ್ಕು ಬಗೆಯ ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. ಆ ನಾಲ್ಕನ್ನು ಸೇರಿಸಿ ಇಲಿಗಳಿಗೆ ಕೊಟ್ಟಾಗ ಅವುಗಳ ಮರಿಗಳಲ್ಲಿ ಶ್ವಾಸನಾಳದ ಉರಿಯೂತ ತಗ್ಗಿತು. ಆದರೆ ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ಮಸುಕಾಗಿತ್ತು ಎಂಬುದನ್ನು ಪುಡಿ ಮಾರುವವರು ಹೇಳುವುದಿಲ್ಲ. ಅಂದರೆ ಕರುಳಿನ ಜೀವಿಗಳು ರಕ್ಷಣಾ ವ್ಯವಸ್ಥೆಯನ್ನು ತಿದ್ದುವ ಕಾಲ ಬಹಳ ಎಳವೆಯದು. ಅದೇ ಸಂಶೋಧಕರ ಬಳಗ ಈಕ್ವೆಡಾರ್ ದೇಶದ ಹಳ್ಳಿಗಾಡಿನ ಶಿಶುಗಳನ್ನು ನೋಡಿದಾಗ ಬ್ಯಾಕ್ಟೀರಿಯಾಗಳಿಗಿಂತ ಶಿಲೀಂಧ್ರಗಳಲ್ಲಿನ ಏರುಪೇರು ಹೆಚ್ಚು ಎದ್ದು ಕಂಡಿತು. ಒಂದು ದೇಶದಲ್ಲಿ ಕಂಡ ನಾಲ್ಕು ಹೆಸರುಗಳನ್ನು ಇಡೀ ಲೋಕಕ್ಕೆ ಅನ್ವಯಿಸಲಾಗದು.

ಪ್ರಶ್ನೆ ಮುಂದುವರಿಕೆ: ಹೊಂಗೆನೆರಳು

ಇಬ್ಬರಿಗೂ ಕೃತಜ್ಞತೆಗಳು. ಅಕ್ಕನಿಗೂ ಓದಿ ಹೇಳಿದೆ. ಈಗ ಅವಳ ಪ್ರಶ್ನೆ ಎರಡು. ಎಳವೆಯಲ್ಲಿ ಕೊಟ್ಟ ಆಂಟಿಬಯೋಟಿಕ್ಕೇ ಅಸ್ತಮಾಕ್ಕೆ ಕಾರಣವೇ? ನಂಟು ನಿಜವೆಂದಾದರೆ ಪ್ರೋಬಯಾಟಿಕ್ ಕೊಡುವುದರಲ್ಲಿ ತಪ್ಪೇನು?

ಉತ್ತರ: ಲೆಕ್ಕಿಗ

ನಾನು ವೈದ್ಯನಲ್ಲ; ಔಷಧಿಗಳ ಪ್ರಯೋಗಗಳ ಅಂಕಿಅಂಶಗಳನ್ನು ವಿಶ್ಲೇಷಿಸುವುದು ನನ್ನ ಕೆಲಸ. ಬೆಳ್ಳಕ್ಕಿಯವರ ವಿವರಣೆಯಲ್ಲಿ ತಪ್ಪಿಲ್ಲ, ಆದರೆ ಅದರ ಬಹುಪಾಲು ಇಲಿಗಳದು ಎಂಬುದನ್ನು ಗಮನಿಸಿ.

ಆಂಟಿಬಯೋಟಿಕ್ ಮತ್ತು ಅಸ್ತಮಾ ಜೊತೆಜೊತೆಯಾಗಿ ಕಾಣುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಬಂದಿದೆ. ಆದರೆ ಯಾವುದು ಮೊದಲು? ಅಸ್ತಮಾದ ಮೊದಲ ಲಕ್ಷಣಗಳಾದ ಉಬ್ಬಸ, ಎದೆ ಕಟ್ಟುವಿಕೆ, ರಾತ್ರಿಯ ಕೆಮ್ಮು ಶಿಶುಗಳಲ್ಲಿ ಸೋಂಕಿನಂತೆಯೇ ತೋರುತ್ತವೆ. ಸೋಂಕೆಂದು ತಿಳಿದು ಆಂಟಿಬಯೋಟಿಕ್ ಕೊಡುತ್ತಾರೆ, ಮುಂದೆ ಅದು ಅಸ್ತಮಾ ಎಂದು ಗೊತ್ತಾಗುತ್ತದೆ. ಆಗ ಔಷಧಿಯಿಂದ ರೋಗ ಬಂತೆಂದು ಕಾಣುತ್ತದೆ, ವಾಸ್ತವದಲ್ಲಿ ರೋಗದಿಂದಾಗಿ ಔಷಧಿ ಬಂದಿರುತ್ತದೆ. ನಿಮ್ಮ ಅಕ್ಕನ ಮಗಳಿಗೆ ಎದೆ ಕಟ್ಟುತ್ತಿದ್ದುದರಿಂದ ಔಷಧಿ ಕೊಟ್ಟರೆಂದು ನೀವೇ ಬರೆದಿದ್ದೀರಿ. ಒಬ್ಬ ಮಗುವಿನ ವಿಷಯದಲ್ಲಿ ಇದನ್ನು ಹಿಂತಿರುಗಿ ತೀರ್ಮಾನಿಸುವ ವಿಧಾನವೇ ಇಲ್ಲ. ಹೀಗಿರುವಾಗ ತಾಯಿ ತನ್ನನ್ನು ದೂರಿಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ.

ಈಗ ಚಿಕಿತ್ಸೆ. ಸೂಕ್ಷ್ಮಜೀವಿಗಳ ಕೂಟವನ್ನೇ ಬದಲಿಸಿ ರೋಗ ಗುಣಪಡಿಸಿದ ನಿಸ್ಸಂದೇಹವಾದ ಉದಾಹರಣೆ ಒಂದಿದೆ. ಅದು ಆಂಟಿಬಯೋಟಿಕ್ ಬಳಕೆಯ ನಂತರ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಮರುಕಳಿಸುವ ತೀವ್ರ ಭೇದಿ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಆರೋಗ್ಯವಂತ ದಾನಿಗಳ ಮಲವನ್ನು ದ್ರಾವಣ ಮಾಡಿ ಕೊಳವೆಯ ಮೂಲಕ ರೋಗಿಯ ಕರುಳಿಗೆ ಬಿಟ್ಟಾಗ, 16 ಮಂದಿಯಲ್ಲಿ 13 ಮಂದಿಗೆ ಮೊದಲ ಸಲವೇ ಗುಣವಾಯಿತು. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಅಂತರ ಇಷ್ಟು ದೊಡ್ಡದಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಅಲ್ಲಿ ಗೆದ್ದದ್ದೇಕೆಂದರೆ, ಕಾಯಿಲೆಯ ಕಾರಣ ಒಂದೇ ಸ್ಪಷ್ಟ ಜೀವಿ, ಅದು ಬೆಳೆಯಲು ಕಾರಣ ಉಳಿದ ಬ್ಯಾಕ್ಟೀರಿಯಾಗಳು ಇಲ್ಲದಿರುವುದು, ಮತ್ತು ಕೊಟ್ಟದ್ದು ಒಂದೆರಡು ತಳಿಗಳಲ್ಲ, ಇಡೀ ಸಮುದಾಯ. ಅದರಲ್ಲಿಯೂ ಅಪಾಯವಿಲ್ಲದಿಲ್ಲ: ದಾನಿಯ ಮಲದಿಂದ ಔಷಧಿಗಳಿಗೆ ಬಗ್ಗದ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ದಾಟಿ ರೋಗಿಯೊಬ್ಬರು ಮೃತಪಟ್ಟ ಬಗ್ಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು.

ಅಸ್ತಮಾ ಇಂತಹ ಕಾಯಿಲೆಯಲ್ಲ. ಅಸ್ತಮಾ ಬರುವ ಅಪಾಯ ಹೆಚ್ಚಿದ್ದ 184 ಶಿಶುಗಳಿಗೆ ಮೊದಲ ಆರು ತಿಂಗಳು ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್‌ನ ಹೆಸರುವಾಸಿ ತಳಿಯೊಂದನ್ನು ಅಥವಾ ಹುಸಿಮದ್ದನ್ನು ಕೊಟ್ಟು ಐದು ವರ್ಷದವರೆಗೆ ಗಮನಿಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಎಸ್ಜಿಮಾ (ತುರಿಕೆಯ ಚರ್ಮರೋಗ) ಮತ್ತು ಅಸ್ತಮಾ ಎರಡರಲ್ಲಿಯೂ ಖಚಿತವಾದ ರಕ್ಷಣೆ ಕಾಣಲಿಲ್ಲ. ಅತ್ಯಂತ ಅನುಕೂಲಕರವಾದ ವಯಸ್ಸಿನಲ್ಲಿ ಕೊಟ್ಟಾಗಲೂ ಸಾಬೀತಾಗದ ಪರಿಣಾಮವನ್ನು ಎಂಟು ವರ್ಷದ ಮಗುವಿನಲ್ಲಿ ನಿರೀಕ್ಷಿಸುವುದು ಹೇಗೆ? ಅದಲ್ಲದೆ, 2018ರಲ್ಲಿ ಇಸ್ರೇಲಿನ ಸಂಶೋಧಕರು ಆಂಟಿಬಯೋಟಿಕ್ ಪಡೆದ ವಯಸ್ಕರಿಗೆ ಹಲವು ತಳಿಗಳ ಪ್ರೋಬಯಾಟಿಕ್ ಕೊಟ್ಟು ನೋಡಿದಾಗ, ಅವರ ಸ್ವಂತ ಬ್ಯಾಕ್ಟೀರಿಯಾಗಳು ಹಿಂತಿರುಗುವುದು ತಡವಾಯಿತು. ಏನೂ ಕೊಡದೆ ಬಿಟ್ಟವರಲ್ಲಿ ಅವು ಬೇಗ ಚೇತರಿಸಿಕೊಂಡವು.

ಶ್ವಾಸಕೋಶದ ಕಡೆಯಿಂದಲೂ ಒಂದು ಪಾಠವಿದೆ. ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುತ್ತಾ ಹೋಗುವ ಐಪಿಎಫ್ ಎಂಬ ಕಾಯಿಲೆಯಲ್ಲಿ, ಬ್ಯಾಕ್ಟೀರಿಯಾಗಳ ಹೊರೆ ಹೆಚ್ಚಿದ್ದವರ ಸ್ಥಿತಿ ಬೇಗ ಹದಗೆಡುತ್ತದೆಂದು 2014ರಲ್ಲಿ ಕಂಡುಬಂದಿತ್ತು. ಹಾಗಾದರೆ ಬ್ಯಾಕ್ಟೀರಿಯಾಗಳನ್ನು ಕೊಂದರೆ ಆಯಿತಲ್ಲ ಎಂದು 500ಕ್ಕೂ ಹೆಚ್ಚು ರೋಗಿಗಳಲ್ಲಿ ಆಂಟಿಬಯೋಟಿಕ್ ಪ್ರಯೋಗಿಸಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದರಿಂದ ಆಸ್ಪತ್ರೆ ಸೇರುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ.

ಉತ್ತರ: ಬೆಳ್ಳಕ್ಕಿ

ಲೆಕ್ಕಿಗರ ಎಚ್ಚರಿಕೆಯನ್ನು ಒಪ್ಪುತ್ತೇನೆ, ಆದರೆ ಆಂಟಿಬಯೋಟಿಕ್‌ನ ವಿಷಯದಲ್ಲಿ ಅವರು ತಕ್ಕಡಿಯನ್ನು ಒಂದು ಕಡೆಗೆ ತುಸು ಹೆಚ್ಚೇ ವಾಲಿಸಿದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2000ದಿಂದ 2014ರವರೆಗೆ ಶಿಶುಗಳಿಗೆ ಆಂಟಿಬಯೋಟಿಕ್ ಬರೆಯುವುದು ಕಡಿಮೆಯಾಗುತ್ತಾ ಬಂದಂತೆ ಚಿಕ್ಕ ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಬರುವುದು ಶೇ. 26ರಷ್ಟು ಇಳಿದಿತ್ತು ಎಂದು 2020ರಲ್ಲಿ ಪ್ರಕಟವಾಗಿದೆ. ಅದೇ ವರದಿಯಲ್ಲಿ, ಉಸಿರಾಟದ ತೊಂದರೆಗಾಗಿ ಔಷಧಿ ಪಡೆದ ಮಕ್ಕಳನ್ನು ಹೊರತುಪಡಿಸಿ ಉಳಿದವರನ್ನು ಮಾತ್ರ ನೋಡಿದಾಗಲೂ ನಂಟು ಉಳಿದುಕೊಂಡಿತು. ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿದ್ದ ಮಕ್ಕಳಲ್ಲಿ ಅಸ್ತಮಾ ಕಡಿಮೆಯಿತ್ತು. ಹಿಂದುಮುಂದಾದ ಕಾರಣದ ವಾದವೊಂದೇ ಇದನ್ನೆಲ್ಲ ವಿವರಿಸಲಾರದು. ಬೇಕಿಲ್ಲದ ಆಂಟಿಬಯೋಟಿಕ್ ಬೇಡ ಎನ್ನುವುದಕ್ಕೆ ಇದು ಸಾಕಷ್ಟು ಬಲವಾದ ಆಧಾರ. ಬೇಕಾದಾಗ ಕೊಡದಿರುವುದಕ್ಕೆ ಇದು ನೆಪವಾಗಬಾರದು. ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬಂದ ಶಿಶುವಿಗೆ ಔಷಧಿ ತಡೆಹಿಡಿದರೆ ಅಸ್ತಮಾದ ಚಿಂತೆ ಮಾಡಲು ಮಗುವೇ ಉಳಿಯದು.

ಇನ್ನು, ಪ್ರೋಬಯಾಟಿಕ್ ಎಂದ ಮಾತ್ರಕ್ಕೆ ಎಲ್ಲವೂ ವ್ಯರ್ಥವೆಂದಲ್ಲ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಂನ ಒಂದು ತಳಿಯನ್ನು ಅದರ ಆಹಾರವಾದ ಸಕ್ಕರೆಯ ಸರಪಳಿಯೊಡನೆ ಕೇವಲ ಒಂದು ವಾರ ಬಾಯಿಯ ಮೂಲಕ ಕೊಟ್ಟದ್ದಕ್ಕೆ, ನಂಜು (ಸೋಂಕಿನಿಂದ ಇಡೀ ದೇಹ ಹದಗೆಡುವ ಸ್ಥಿತಿ) ಅಥವಾ ಸಾವು ಸಂಭವಿಸಿದವರ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ನಮ್ಮ ಚರ್ಚೆಗೆ ಸಂಬಂಧಿಸಿದ ವಿಷಯವೆಂದರೆ, ಕರುಳಿಗೆ ಕೊಟ್ಟ ಈ ಜೀವಿಯಿಂದ ಉಸಿರಾಟದ ಕೆಳಭಾಗದ ಸೋಂಕುಗಳೂ ಕಡಿಮೆಯಾದವು. ಮನುಷ್ಯರಲ್ಲಿ, ಅದೂ ಇಷ್ಟು ದೊಡ್ಡ ಪ್ರಮಾಣದಲ್ಲಿ, ಕರುಳಿನಿಂದ ಶ್ವಾಸಕೋಶಕ್ಕೆ ಲಾಭ ದಾಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಆದರೆ ಅದು ನಿರ್ದಿಷ್ಟ ತಳಿ, ನಿರ್ದಿಷ್ಟ ವಯಸ್ಸು, ನಿರ್ದಿಷ್ಟ ಉದ್ದೇಶ. ಅದೇ ಹೆಸರಿನ ಬೇರೆ ತಳಿ ಬೇರೆ ವಯಸ್ಸಿನಲ್ಲಿ ಬೇರೆ ಕಾಯಿಲೆಗೆ ಒದಗುತ್ತದೆಂದು ಅದರಿಂದ ಹೇಳಲಾಗದು.

ಎಲ್ಲವನ್ನೂ ಕರುಳಿನ ತಲೆಗೆ ಕಟ್ಟುವುದೂ ಸರಿಯಲ್ಲ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿಗೆ ವಂಶಮೂಲ ಹೆಚ್ಚುಕಡಿಮೆ ಒಂದೇ. ಆದರೂ ಶಾಲಾಮಕ್ಕಳಲ್ಲಿ ಅಸ್ತಮಾ ಮೊದಲಿನವರಲ್ಲಿ ಶೇ. 5.2, ಎರಡನೆಯವರಲ್ಲಿ ಶೇ. 21.3. ಆಮಿಶ್ ಜನರು ದನಗಳನ್ನು ಮನೆಯ ಹತ್ತಿರವೇ ಸಾಕಿ ಹಳೆಯ ರೀತಿಯಲ್ಲಿ ಬೇಸಾಯ ಮಾಡುತ್ತಾರೆ, ಅವರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾಗಳ ಅಂಶ ಬಹಳ ಹೆಚ್ಚು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿದಾಗ ಅಲರ್ಜಿಯ ಉರಿಯೂತದಿಂದ ಅವಕ್ಕೆ ರಕ್ಷಣೆ ದೊರೆಯಿತು ಎಂದು 2016ರಲ್ಲಿ ವರದಿಯಾಯಿತು. ನುಂಗಿದ್ದಷ್ಟೇ ಅಲ್ಲ, ಉಸಿರಾಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಉತ್ತರ: ರಾತ್ರಿಪಾಳಿ

ತೀವ್ರ ನಿಗಾ ಘಟಕದಲ್ಲಿ ದಾದಿಯಾಗಿರುವುದರಿಂದ ಒಂದೆರಡು ಮಾತು. ವೆಂಟಿಲೇಟರ್ ಮೇಲಿರುವವರ ಹಾಸಿಗೆಯ ತಲೆಭಾಗವನ್ನು 30 ಡಿಗ್ರಿಗಿಂತ ಮೇಲೆ ಎತ್ತಿಡುವುದು, ಬಾಯಿಯನ್ನು ಹೊತ್ತುಹೊತ್ತಿಗೆ ಶುಚಿಮಾಡುವುದು, ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ಬಲೂನಿನ ಮೇಲೆ ನಿಲ್ಲುವ ಜೊಲ್ಲನ್ನು ಹೀರಿ ತೆಗೆಯುವುದು ನಮ್ಮ ನಿತ್ಯದ ಕೆಲಸ. ಸೂಕ್ಷ್ಮದರ್ಶಿಯವರು ಹೇಳಿದ ಬರುವವರ, ಹೋಗುವವರ ಲೆಕ್ಕ ಇಲ್ಲಿ ಕಣ್ಣಿಗೇ ಕಾಣುತ್ತದೆ: ಕೆಮ್ಮು ಇಲ್ಲ, ಲೋಳೆ ತಾನಾಗಿ ಮೇಲೆ ಬರುವುದಿಲ್ಲ, ಬಾಯಿಯಲ್ಲಿ ಬೆಳೆದದ್ದು ಕೆಳಗೆ ಇಳಿದರೆ ನ್ಯುಮೋನಿಯಾ. ಶ್ವಾಸಕೋಶ ತೀವ್ರವಾಗಿ ಸೋತ ಎಆರ್‌ಡಿಎಸ್ ರೋಗಿಗಳ ಶ್ವಾಸಕೋಶದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಸಿಕ್ಕಿರುವುದನ್ನೂ 2016ರಲ್ಲಿ ತೋರಿಸಲಾಗಿದೆ.

ಪ್ರೋಬಯಾಟಿಕ್ ಕೊಟ್ಟರೆ ಈ ನ್ಯುಮೋನಿಯಾ ತಡೆಯಬಹುದೇ ಎಂದು 2,650 ರೋಗಿಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದಲ್ಲಿ, 2021ರ ವರದಿಯಂತೆ, ಪ್ರೋಬಯಾಟಿಕ್ ಪಡೆದವರಲ್ಲಿ ಶೇ. 21.9, ಪಡೆಯದವರಲ್ಲಿ ಶೇ. 21.3 ಮಂದಿಗೆ ನ್ಯುಮೋನಿಯಾ ಬಂತು. ಅಂದರೆ ಪ್ರಯೋಜನವಾಗಲಿಲ್ಲ. ಪ್ರೋಬಯಾಟಿಕ್‌ನ ತಳಿಯೇ ರಕ್ತಕ್ಕೆ ಸೇರಿ ಸೋಂಕಾದ ಪ್ರಕರಣಗಳೂ ನಿಗಾ ಘಟಕಗಳಿಂದ ವರದಿಯಾಗಿವೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಇವನ್ನು ಕೊಡುವ ಬಗ್ಗೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆ ನೀಡಿದೆ. ಆರೋಗ್ಯವಾಗಿ ಓಡಾಡುವ ಮಗುವಿಗೆ ಇಂತಹ ಅಪಾಯ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ಭಯಪಡಿಸುವುದು ನನ್ನ ಉದ್ದೇಶವಲ್ಲ.

ಪ್ರಶ್ನೆ ಮುಂದುವರಿಕೆ: ಹೊಂಗೆನೆರಳು

ಪುಡಿಯ ವಿಚಾರ ಕೈಬಿಟ್ಟಿದ್ದೇವೆ. ಕೊನೆಯದಾಗಿ, ಮಲದ ಮಾದರಿ ಕಳುಹಿಸಿದರೆ ಕರುಳಿನ ಆರೋಗ್ಯಕ್ಕೆ ಅಂಕ ಕೊಡುವ ಪರೀಕ್ಷೆಗಳಿವೆಯಂತೆ. ಅದನ್ನು ಮಾಡಿಸುವುದರಿಂದ ಅಸ್ತಮಾದ ಬಗ್ಗೆ ಏನಾದರೂ ತಿಳಿಯುತ್ತದೆಯೇ?

ಉತ್ತರ: ಸೂಕ್ಷ್ಮದರ್ಶಿ

ಚಿಕಿತ್ಸೆಯನ್ನು ಬದಲಿಸುವಂತಹದೇನೂ ತಿಳಿಯುವುದಿಲ್ಲ. ರಕ್ತದ ಸಕ್ಕರೆಗೆ ಇರುವಂತೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಎಲ್ಲರೂ ಒಪ್ಪಿದ ಸಾಮಾನ್ಯ ಮಿತಿಗಳು ಇನ್ನೂ ಇಲ್ಲ. ಬಹುತೇಕ ಇಂತಹ ಪರೀಕ್ಷೆಗಳು ಯಾವ ಗುಂಪು ಶೇಕಡಾ ಎಷ್ಟು ಎಂಬ ಪಾಲನ್ನಷ್ಟೇ ತಿಳಿಸುತ್ತವೆ, ಒಟ್ಟು ಎಷ್ಟು ಜೀವಿಗಳಿವೆ, ಅವು ಏನನ್ನು ತಯಾರಿಸುತ್ತಿವೆ ಎಂಬುದನ್ನಲ್ಲ. ಮಾದರಿಯನ್ನು ಹೇಗೆ ಶೇಖರಿಸಿದರು, ಯಾವ ಕಿಟ್ ಬಳಸಿದರು ಎಂಬುದರ ಮೇಲೆಯೇ ಫಲಿತಾಂಶ ಬದಲಾಗುವುದರಿಂದ, ಒಂದೇ ಮಲವನ್ನು ಎರಡು ಕಡೆ ಕಳುಹಿಸಿದರೆ ಎರಡು ಬಗೆಯ ವರದಿ ಬಂದರೂ ಬರಬಹುದು.

ಅದರ ಬದಲು ಮಾಡಬಹುದಾದದ್ದು ಬೇಕಾದಷ್ಟಿದೆ. ಧಾನ್ಯ, ಕಾಳು, ತರಕಾರಿ, ಹಣ್ಣುಗಳಿಂದ ನಾರಿನಂಶ ಹೆಚ್ಚಿಸುವುದಕ್ಕೆ ಅಸ್ತಮಾ ವಾಸಿಯಾಗುತ್ತದೆ ಎಂಬ ಭರವಸೆಯ ಅಗತ್ಯವಿಲ್ಲ, ಬೇರೆ ಕಾರಣಗಳಿಗಾಗಿಯೇ ಅದು ಒಳ್ಳೆಯದು. ಮಗುವಿನ ಸುತ್ತ ಬೀಡಿ, ಸಿಗರೇಟು, ಅಡುಗೆ ಒಲೆಯ ಹೊಗೆ ಇರಬಾರದು. ಹೊಗೆ ಲೋಳೆಯನ್ನು ಮೇಲೆ ತಳ್ಳುವ ಆ ಸೂಕ್ಷ್ಮ ರಚನೆಗಳನ್ನೇ ಕುಂಠಿತಗೊಳಿಸುತ್ತದೆ. ಇನ್‌ಫ್ಲುಯೆಂಜಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಮಗು ಬಳಸುತ್ತಿರುವುದು ಸ್ಟೀರಾಯ್ಡ್ ಇರುವ ಇನ್ಹೇಲರ್ ಆಗಿದ್ದರೆ, ಪ್ರತಿಸಲ ಎಳೆದುಕೊಂಡ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಲಿ. ಬಾಯಿಯಲ್ಲಿ ಉಳಿದ ಸ್ಟೀರಾಯ್ಡ್ ಅಲ್ಲಿನ ರಕ್ಷಣೆಯನ್ನು ತಗ್ಗಿಸಿ, ಕ್ಯಾಂಡಿಡಾ ಎಂಬ ಶಿಲೀಂಧ್ರ ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ ಬಿಳಿಯ ಪದರವಾಗಿ ಬೆಳೆಯಲು ಎಡೆಮಾಡಿಕೊಡುತ್ತದೆ. ಸ್ಪೇಸರ್ ಎಂಬ ಡಬ್ಬಿಯನ್ನು ಜೋಡಿಸಿ ಬಳಸಿದರೆ ಬಾಯಿಯಲ್ಲಿ ಉಳಿಯುವ ಔಷಧಿ ಕಡಿಮೆಯಾಗಿ ಶ್ವಾಸಕೋಶಕ್ಕೆ ತಲುಪುವುದು ಹೆಚ್ಚುತ್ತದೆ. ಅದನ್ನು ಬಳಸುವ ಕ್ರಮ ಸರಿಯಿದೆಯೇ ಎಂದು ಮುಂದಿನ ಸಲ ವೈದ್ಯರ ಮುಂದೆಯೇ ಮಗುವಿನಿಂದ ಮಾಡಿಸಿ ನೋಡಿ.